ಕಿನ್ನೂವೂ ಕಿತ್ತಳೆಯೇ

ಡಿಸೆಂಬರ್ ಬಂತೆಂದರೆ ದೆಹಲಿಯ ಬೀದಿಬೀದಿಗಳಲ್ಲಿ ಕಿನ್ನೂ ಹಣ್ಣಿನ ರಾಶಿಗಳು ಏಳುತ್ತವೆ. ಆಜಾದ್‌ಪುರ ಮಂಡಿಯಿಂದ ಹೊರಟ ಹಣ್ಣು ನೋಯ್ಡಾದ ಸೆಕ್ಟರುಗಳನ್ನೂ ಗುರುಗ್ರಾಮದ ಗೋಪುರಗಳನ್ನೂ ಮುಟ್ಟುತ್ತದೆ. ಮೆಟ್ರೋ ನಿಲ್ದಾಣಗಳ ಮೆಟ್ಟಿಲ ಬಳಿ ರಸ ಹಿಂಡುವ ಗಾಡಿಗಳು ಮಾರ್ಚಿಯವರೆಗೆ ಬಿಡುವಿಲ್ಲದೆ ದುಡಿಯುತ್ತವೆ. ಈ ದಿನಗಳಲ್ಲಿ ನಮ್ಮವರ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಣ್ಣೇನೋ ಚೆನ್ನಾಗಿದೆ, ಆದರೆ ಇದು ಕಿತ್ತಳೆಯಲ್ಲ. ಕಿತ್ತಳೆ ಎಂದರೆ ಕೊಡಗಿನದು. ಸಡಿಲವಾದ ಸಿಪ್ಪೆ, ಹುಳಿಯನ್ನು ಒಳಗಿಟ್ಟುಕೊಂಡ ಸಿಹಿ, ಸುಲಿದ ಕೈಯಲ್ಲಿ ಸಂಜೆಯವರೆಗೆ ಉಳಿಯುವ ಪರಿಮಳ. ಇದು ಬರೀ ‘ಕಿನ್ನೂ’.

ಈ ಮಾತಿನ ಹಿಂದಿರುವ ಹಂಬಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಹಂಬಲದಿಂದ ಹುಟ್ಟಿರುವ ಎರಡು ರೂಢಿಗಳನ್ನು ಒಪ್ಪಲಾರೆವು. ಊರಿಗೆ ಹೋದವರು ಕೊಡಗಿನಿಂದಲೋ ಮಲೆನಾಡಿನಿಂದಲೋ ಕಿತ್ತಳೆಯ ಸಸಿಯನ್ನು, ಕೆಲವೊಮ್ಮೆ ಬುಡದ ಮಣ್ಣಿನ ಸಮೇತ, ರೈಲಿನ ಆಸನದಡಿ ಇಟ್ಟುಕೊಂಡು ಎರಡು ರಾತ್ರಿ ಪಯಣಿಸಿ ದೆಹಲಿಗೆ ತರುವುದು ಒಂದು. ಇಲ್ಲಿಯೇ ಬೆಳೆಯುವ, ಇಲ್ಲಿಯ ಬಿಸಿಲಿಗೂ ಚಳಿಗೂ ಹೊಂದಿಕೊಂಡ ಹಣ್ಣಿಗೆ ನಮ್ಮ ಭಾಷೆಯ ಹೆಸರನ್ನು ಕೊಡಲು ಹಿಂಜರಿಯುವುದು ಇನ್ನೊಂದು. ಮನೆಯ ಬಾಲ್ಕನಿಯಲ್ಲಿ ಕಿತ್ತಳೆ ಬೆಳೆಯಬೇಕೆಂಬ ಆಸೆ ಇರುವವರು ಕಿನ್ನೂವಿನ ಕಸಿಸಸಿಯೊಂದನ್ನು ತಂದು ನೆಡಲಿ, ಅದನ್ನು ಸಂಕೋಚವಿಲ್ಲದೆ ಕಿತ್ತಳೆ ಎಂದು ಕರೆಯಲಿ ಎಂಬುದು ನಮ್ಮ ನಿಲುವು.

ಮೊದಲು ಹೆಸರಿನ ವಿಚಾರ. ಹಳೆಯ ಕನ್ನಡದಲ್ಲಿ ‘ಈಳೆ’ ಎಂಬ ಪದವಿದೆ. ನಿಂಬೆಯ ಕುಲದ ಹಣ್ಣಿಗೆ ಅದು ಹೆಸರು. ‘ಕಿರಿದು’ ಎಂಬುದು ಸ್ವರದ ಮುಂದೆ ಬಂದಾಗ ‘ಕಿತ್ತ್’ ಆಗುವುದನ್ನು ವ್ಯಾಕರಣ ಓದಿದವರು ಬಲ್ಲರು. ಕಿತ್ತಡಿ ಎಂದರೆ ಚಿಕ್ಕ ಪಾದ. ಹಾಗೆಯೇ ಹಿರಿದು ‘ಪೇರ್’ ಆಗುತ್ತದೆ. ಪೇರಡವಿ ಎಂದರೆ ದೊಡ್ಡ ಕಾಡು. ಕಿರಿಯ ಈಳೆ ಕಿತ್ತೀಳೆಯಾಗಿ ಕಿತ್ತಳೆಯಾಯಿತು, ಹಿರಿಯ ಈಳೆ ಪೇರೀಳೆಯಾಗಿ ಹೇರಳೆಯಾಯಿತು ಎಂದು ಪದಗಳ ಜಾಡು ಹಿಡಿದವರು ಬಿಡಿಸುತ್ತಾರೆ. ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಹೇರಳೆಕಾಯಿಯ ಚಿತ್ರಾನ್ನ ಇಂದಿಗೂ ಉಳಿದಿದೆ. ಅದರ ಜೊತೆಹುಟ್ಟು ಪದವೇ ಕಿತ್ತಳೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಆ ಪದದಲ್ಲಿ ಯಾವ ಊರೂ ಇಲ್ಲ, ಯಾವ ಬೆಟ್ಟವೂ ಇಲ್ಲ. ಇರುವುದು ಗಾತ್ರ, ಕುಲ, ಅಷ್ಟೇ.

ಹಣ್ಣಿನ ವಿಷಯಕ್ಕೆ ಬಂದರೆ, ಅದು ಮೂಲದಲ್ಲಿ ನಮ್ಮದಲ್ಲ. ನಿಂಬೆ ಕುಲದ ಗಿಡಗಳ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವಭಾಗ, ಮ್ಯಾನ್ಮಾರಿನ ಉತ್ತರ, ಚೀನಾದ ಯುನ್ನಾನಿನ ಪಶ್ಚಿಮ ಇವು ಕೂಡುವ ಸೀಮೆ ಎಂದು 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿಕೊಟ್ಟಿತು. ಮೇಘಾಲಯದ ಗಾರೋ ಬೆಟ್ಟಗಳ ನೊಕ್ರೆಕ್‌ನಲ್ಲಿ ಕಾಡು ಕಿತ್ತಳೆಯನ್ನು ಉಳಿಸಿಕೊಳ್ಳಲೆಂದೇ ಮೀಸಲಿಟ್ಟ ಅರಣ್ಯವಿದೆ. ಅಲ್ಲಿಂದ ಯಾವ ಕಾಲದಲ್ಲೋ ಯಾರ ಗಂಟಿನಲ್ಲೋ ಹೊರಟು ದಕ್ಷಿಣಕ್ಕೆ ಬಂದ ಹಣ್ಣಿಗೆ ನಮ್ಮ ಹಿರಿಯರು ಇದು ನಮ್ಮೂರಿನದಲ್ಲವಲ್ಲ ಎಂದು ಕೊರಗಲಿಲ್ಲ. ತಮ್ಮಲ್ಲಿದ್ದ ಈಳೆಯ ಪಕ್ಕದಲ್ಲಿ ಅದನ್ನು ಕೂರಿಸಿ, ಕಿರಿಯದೆಂದು ಕರೆದು ಮನೆಯೊಳಗೆ ಬಿಟ್ಟುಕೊಂಡರು. ಸಂಸ್ಕೃತದ ‘ನಾರಂಗ’ ಪರ್ಷಿಯನ್, ಅರಬ್ಬಿ, ಸ್ಪ್ಯಾನಿಶ್ ನಾಲಗೆಗಳನ್ನು ದಾಟಿ ಇಂಗ್ಲಿಷಿನ ‘ಆರೆಂಜ್’ ಆದ ಕಥೆ ಎಲ್ಲರಿಗೂ ಗೊತ್ತು. ಕನ್ನಡವೋ ಅದನ್ನೂ ಬೇಡದೆ ತನ್ನದೇ ಪದವನ್ನು ಕಟ್ಟಿಕೊಂಡಿತು. ಅಷ್ಟು ಧೈರ್ಯವಿದ್ದ ಭಾಷೆಯ ಮಂದಿ ದೆಹಲಿಯ ತರಕಾರಿ ಗಾಡಿಯ ಮುಂದೆ ನಿಂತು ‘ಸಂತರಾ’, ‘ಕಿನ್ನೂ’ ಎನ್ನುವಾಗ ಕಿತ್ತಳೆಯನ್ನು ನೆನಪಿನ ಹಣ್ಣಿಗೆಂದು ಎತ್ತಿಟ್ಟುಬಿಡುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆ ನೆನಪೂ ಇಲ್ಲ. ಹಣ್ಣಿಲ್ಲದ ಹೆಸರನ್ನು ಅವರು ಯಾವುದರ ಮೇಲೆ ಇಟ್ಟುಕೊಳ್ಳಬೇಕು?

ಊರಿನ ಹಣ್ಣಿಗಾಗಿ ಈ ಬಯಲಿನಲ್ಲಿ ಹಂಬಲಿಸಿದವರಲ್ಲಿ ನಾವು ಮೊದಲಿಗರೇನಲ್ಲ. 1526ರಲ್ಲಿ ದೆಹಲಿಯನ್ನು ಗೆದ್ದ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದಲ್ಲಿ ಒಳ್ಳೆಯ ಖರ್ಬೂಜವಿಲ್ಲ, ದ್ರಾಕ್ಷಿಯಿಲ್ಲ, ತಣ್ಣೀರಿಲ್ಲ ಎಂದು ಮುಖ ಸಿಂಡರಿಸಿದ್ದಾನೆ. ಕಾಬೂಲಿನ ಕಡೆಯಿಂದ ಬಂದ ಖರ್ಬೂಜವೊಂದನ್ನು ಕುಯ್ದು ತಿನ್ನುವಾಗ ತನಗೆ ಕಣ್ಣೀರು ಬಂದುದನ್ನು ಗೆಳೆಯನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಅವನು ಅತ್ತು ಸುಮ್ಮನಾಗಲಿಲ್ಲ. ಬಲ್ಖ್ ಕಡೆಯ ಬೇಸಾಯಗಾರನೊಬ್ಬನನ್ನು ಇಟ್ಟುಕೊಂಡು ಆಗ್ರಾದ ತೋಟದಲ್ಲಿ ಖರ್ಬೂಜವನ್ನೂ ದ್ರಾಕ್ಷಿಯನ್ನೂ ಬೆಳೆಸಿದ. ಫಲ ಕಂಡಾಗ ಸಂತೋಷಪಟ್ಟ. ನಮ್ಮ ಪ್ರಸ್ತಾಪಕ್ಕೆ ಇನ್ನೂ ಹೆಚ್ಚು ಒದಗುವ ಸಂಗತಿಯೆಂದರೆ, ಇದೇ ಬಾಬರ್ ಈ ನೆಲದ ನಾರಂಗ, ನಿಂಬೆ, ಸಂತರಾಗಳನ್ನು ಒಂದೊಂದಾಗಿ ಸವಿದು ಗಾತ್ರ, ಬಣ್ಣ, ಹುಳಿಗಳನ್ನು ಹೋಲಿಸಿ ಸಾವಧಾನವಾಗಿ ಬರೆದಿಟ್ಟಿದ್ದಾನೆ. ಊರಿನ ಖರ್ಬೂಜಕ್ಕೆ ಅಳುತ್ತಲೇ ಇಲ್ಲಿಯ ಹಣ್ಣನ್ನು ಗಮನವಿಟ್ಟು ನೋಡಬಲ್ಲವನಾಗಿದ್ದ.

ಕಿನ್ನೂವನ್ನು ನಾವು ಅಷ್ಟು ಗಮನವಿಟ್ಟು ನೋಡಿದ್ದೇವೆಯೇ? ಅದರ ಚರಿತ್ರೆಯೇ ಸೋಜಿಗದ್ದು. ಹೆಸರು ಪಂಜಾಬಿಯಂತೆ ಕೇಳಿಸಿದರೂ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಅಲ್ಲಿಯ ನಿಂಬೆ ಕುಲದ ಪ್ರಯೋಗ ಕೇಂದ್ರದಲ್ಲಿ ಹೋವರ್ಡ್ ಫ್ರಾಸ್ಟ್ ಎಂಬ ವಿಜ್ಞಾನಿ 1915ರಲ್ಲಿ ‘ಕಿಂಗ್’ ಮತ್ತು ‘ವಿಲೋ ಲೀಫ್’ ಎಂಬ ಎರಡು ಕಿತ್ತಳೆಗಳನ್ನು ಬೆರಕೆ ಮಾಡಿದರು. ಮೊದಲನೆಯದು ಇಂದಿನ ವಿಯೆಟ್ನಾಮಿನ ಕಡೆಯಿಂದ ಬಂದದ್ದು. ಎರಡನೆಯದು ಮೆಡಿಟರೇನಿಯನ್ ಕರಾವಳಿಯದು. ತಂದೆತಾಯಿಗಳ ಹೆಸರಿನ ಚೂರುಗಳನ್ನು ಜೋಡಿಸಿ ಮಗುವಿಗೆ ‘ಕಿನ್ನೋ’ ಎಂದಿಟ್ಟು 1935ರಲ್ಲಿ ಬೆಳೆಗಾರರಿಗೆ ಬಿಡುಗಡೆ ಮಾಡಿದರು. ಕ್ಯಾಲಿಫೋರ್ನಿಯಾ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಬೀಜ ಹೆಚ್ಚು, ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವ ಸ್ವಭಾವ. ಅವಿಭಜಿತ ಪಂಜಾಬಿನ ಲಾಯಲ್‌ಪುರಕ್ಕೆ ಅದು ಬಂತು; ದೇಶ ಒಡೆದ ಮೇಲೆ 1950ರ ದಶಕದಲ್ಲಿ ಗಡಿಯ ಈಚೆಗಿನ ಅಬೋಹರದಲ್ಲೂ ಬೇರೂರಿತು. ಇಂದು ಅಬೋಹರ, ಫಾಜಿಲ್ಕಾ, ರಾಜಸ್ಥಾನದ ಶ್ರೀಗಂಗಾನಗರಗಳ ಬದುಕೇ ಅದರ ಮೇಲೆ ನಿಂತಿದೆ.

ಇಷ್ಟೇ ಅಲ್ಲ. ನಾವು ನರ್ಸರಿಯಿಂದ ತರುವ ಕಿನ್ನೂ ಗಿಡದ ಬೇರು ಕಿನ್ನೂವಿನದಲ್ಲ. ಪಂಜಾಬ್, ಹರಿಯಾಣ, ದೆಹಲಿಗಳಲ್ಲಿ ‘ಜಟ್ಟಿ ಖಟ್ಟಿ’ ಎಂಬ ಒರಟು ನಿಂಬೆಯ ಸಸಿಯನ್ನು ಬೆಳೆಸಿ, ಅದರ ಕಾಂಡದಲ್ಲಿ ಸೀಳುಮಾಡಿ ಕಿನ್ನೂವಿನ ಒಂದು ಕಣ್ಣನ್ನು ಕೂರಿಸಿ ಕಟ್ಟುತ್ತಾರೆ. ಕಣ್ಣು ಚಿಗುರಿದ ಮೇಲೆ ಮೇಲಿನ ಖಟ್ಟಿಯನ್ನು ಕತ್ತರಿಸುತ್ತಾರೆ. ನೆಲದಡಿಯಲ್ಲಿ ಇಲ್ಲಿಯ ಮಣ್ಣನ್ನು ಬಲ್ಲ ಹುಳಿಯ ಗಿಡ. ನೆಲದ ಮೇಲೆ ವಿಯೆಟ್ನಾಮು, ಮೆಡಿಟರೇನಿಯನ್, ಕ್ಯಾಲಿಫೋರ್ನಿಯಾಗಳ ಸಿಹಿ. ಇಂಥ ಗಿಡದ ಮುಂದೆ ನಿಂತು ‘ಇದು ಅಸಲಿಯಲ್ಲ’ ಎನ್ನುವ ನಾವು ಬೆಳಿಗ್ಗೆ ಕನ್ನಡದಲ್ಲಿ ಎದ್ದು, ಹಗಲೆಲ್ಲ ಇಂಗ್ಲಿಷಿನಲ್ಲಿ ದುಡಿದು, ಸಂಜೆ ಹಿಂದಿಯಲ್ಲಿ ಚೌಕಾಸಿ ಮಾಡುವವರು.

ಇನ್ನು ಊರಿನಿಂದ ಸಸಿ ತರುವ ರೂಢಿ. ಕೊಡಗಿನ ಕಿತ್ತಳೆ ಬೆಳೆದು ಬಂದಿರುವುದು ಕಾಫಿ ತೋಟದ ನಡುವೆ, ದೊಡ್ಡ ಮರಗಳ ಚುಕ್ಕಿನೆರಳಿನಲ್ಲಿ, ಹುಳಿಗುಣದ ಮಣ್ಣಿನಲ್ಲಿ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ದೆಹಲಿಗೆ 700–800. ಅಲ್ಲಿ ಬೇಸಿಗೆಯ ಬಿಸಿಲು 35 ಡಿಗ್ರಿ ಮುಟ್ಟಿದರೆ ಸುದ್ದಿ. ಇಲ್ಲಿ ಜೂನಿನ ಲೂ ಗಾಳಿ 45 ಡಿಗ್ರಿಯಲ್ಲಿ ಬೀಸುತ್ತದೆ, ಜನವರಿಯಲ್ಲಿ ಅದೇ ಬಾಲ್ಕನಿಯಲ್ಲಿ ಮೂರು ನಾಲ್ಕು ಡಿಗ್ರಿ. ಮಣ್ಣು ಕ್ಷಾರದ್ದು, ಕೊಳವೆಬಾವಿಯ ನೀರು ಗಡಸು. ಬುಡದ ಮಣ್ಣನ್ನು ಕಟ್ಟಿ ತಂದರೂ ಎರಡು ತಿಂಗಳ ನೀರಿನಲ್ಲಿ ಆ ಮಣ್ಣೂ ದೆಹಲಿಯದೇ ಆಗುತ್ತದೆ.

ಗಿಡ ಸಾಯುವುದು ಒಂದು ನಷ್ಟವಾದರೆ, ಬದುಕಿದರೆ ಬರಬಹುದಾದ ಕೇಡು ಇನ್ನೂ ದೊಡ್ಡದು. ಕೊಡಗಿನ ಕಿತ್ತಳೆ ಇಂದು ತನ್ನ ತವರಿನಲ್ಲೇ ಸೊರಗಿದೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ ನಿಜ, ಆದರೆ ಒಂದು ಕಾಲದಲ್ಲಿ ಜಿಲ್ಲೆಯ ಉದ್ದಗಲಕ್ಕೂ ಇದ್ದ ಬೆಳೆ ಈಗ ಅದರ ಸಣ್ಣ ಪಾಲಿಗೆ ಇಳಿದಿದೆ. ಕಾಫಿ, ಮೆಣಸುಗಳ ಬೆಲೆಯ ಸೆಳೆತ ಒಂದು ಕಾರಣ, ರೋಗ ಇನ್ನೊಂದು. ಬೇರು ಕೊಳೆಯುವ ರೋಗ, ಟ್ರಿಸ್ಟೆಜಾ ಎಂಬ ವೈರಸ್ಸು, ಎಲ್ಲಕ್ಕಿಂತ ಮಿಗಿಲಾಗಿ ‘ಗ್ರೀನಿಂಗ್’ ರೋಗ. ಸಾಸಿವೆ ಕಾಳಿನಷ್ಟು ಗಾತ್ರದ ಸಿಲ್ಲಾ ಎಂಬ ಕೀಟ ಎಳೆಚಿಗುರಿನ ರಸ ಹೀರುತ್ತ ಈ ರೋಗದ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಎಲೆ ಅಲ್ಲಲ್ಲಿ ಅಡ್ಡಾದಿಡ್ಡಿಯಾಗಿ ಹಳದಿಗಟ್ಟುತ್ತದೆ, ಹಣ್ಣು ಓರೆಯಾಗಿ ಬೆಳೆದು ತುದಿಯಲ್ಲಿ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ, ಮರ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಗುಣಪಡಿಸುವ ಮದ್ದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದು 2005ರಲ್ಲಿ ಪತ್ತೆಯಾಯಿತು. ಜಗತ್ತಿಗೆಲ್ಲ ಕಿತ್ತಳೆ ರಸ ಕುಡಿಸುತ್ತಿದ್ದ ಆ ರಾಜ್ಯದ ಉತ್ಪಾದನೆ ಇಂದು ಹಿಂದಿನ ಉಚ್ಛ್ರಾಯದ ಹತ್ತನೆಯ ಒಂದು ಪಾಲಿಗೂ ಇಳಿದಿದೆ. ಸೋಂಕು ಹತ್ತಿದ ಸಸಿ ಮೊದಲ ಒಂದೆರಡು ವರ್ಷ ಆರೋಗ್ಯವಾಗಿಯೇ ಕಾಣಬಹುದು. ಹೀಗಿರುವಾಗ ಪ್ರೀತಿಯಿಂದ ಚೀಲದಲ್ಲಿಟ್ಟು ತಂದ ಗಿಡದೊಳಗೆ ಏನಿದೆಯೆಂದು ಯಾರು ಬಲ್ಲರು? ಇಲ್ಲಿಯ ನರ್ಸರಿಯ ಗಿಡವನ್ನು ಊರಿನ ತೋಟಕ್ಕೆ ಒಯ್ಯುವವರಿಗಂತೂ ಈ ಎಚ್ಚರ ಇಮ್ಮಡಿ ಬೇಕು. ಅಲ್ಲಿ ಪಣಕ್ಕಿರುವುದು ಒಂದು ಕುಂಡವಲ್ಲ, ನೆರೆಹೊರೆಯ ತೋಟಗಳು.

ಕೊಡಗಿನ ಕಿತ್ತಳೆಯೇ ಬೇಕು ಎಂದು ಪಟ್ಟು ಹಿಡಿದವರಿಗೆ ಒಂದು ದಾರಿ ಇದೆ. ಅದು ಬೀಜದ ದಾರಿ. ಕಿತ್ತಳೆಯ ಬೀಜಕ್ಕೆ ಒಂದು ಅಪರೂಪದ ಗುಣವಿದೆ: ಒಂದೇ ಬೀಜದಿಂದ ಎರಡು, ಮೂರು ಮೊಳಕೆಗಳು ಏಳುತ್ತವೆ. ಅವುಗಳಲ್ಲಿ ಪರಾಗಸ್ಪರ್ಶದಿಂದ ಹುಟ್ಟಿದ್ದು ಹೆಚ್ಚೆಂದರೆ ಒಂದು, ಅದೂ ಬಹಳ ಸಲ ಸೊರಗಿ ಹಿಂದೆ ಬೀಳುತ್ತದೆ. ಉಳಿದವು ತಾಯಿಯ ಒಡಲ ಅಂಗಾಂಶದಿಂದಲೇ ಎದ್ದವು, ತಾಯಿಮರದ ಪಡಿಯಚ್ಚು. ಮಾವಿನ ಓಟೆ ನೆಟ್ಟರೆ ಬಹುತೇಕ ತಳಿಗಳಲ್ಲಿ ಯಾವ ಹಣ್ಣು ಬಂದೀತೋ ಹೇಳಲಾಗದು. ಕಿತ್ತಳೆಯಲ್ಲಿ ಆ ಅನುಮಾನ ಕಡಿಮೆ. ಗ್ರೀನಿಂಗ್ ರೋಗವಾಗಲಿ ಟ್ರಿಸ್ಟೆಜಾ ಆಗಲಿ ಬೀಜದ ಮೂಲಕ ದಾಟುವುದಿಲ್ಲವೆಂದು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದಾರೆ. ಹಣ್ಣು ತಿಂದು, ಬೀಜ ತೊಳೆದು, ಒಣಗಲು ಬಿಡದೆ ವಾರದೊಳಗೆ ಬಿತ್ತಬೇಕು. ಒಣಗಿದ ಬೀಜ ಸತ್ತ ಬೀಜ. ಇದಕ್ಕೆ ತೆರಬೇಕಾದ ಬೆಲೆ ಕಾಲ. ಬೀಜದ ಗಿಡ ಹಣ್ಣು ಬಿಡಲು ಆರೆಂಟು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಮುಳ್ಳು ಬೆಳೆಸುತ್ತ ನಿಂತಿರುತ್ತದೆ. ಕುಂಡದಲ್ಲಿ ಇನ್ನೂ ತಡವಾಗಬಹುದು. ಮನೆಯಲ್ಲಿ ಪುಟ್ಟ ಮಕ್ಕಳಿರುವವರು ಒಂದು ಬೀಜ ಬಿತ್ತಿ ಬಿಡಲಿ ಎನ್ನುತ್ತೇವೆ. ಆದರೆ ಅದರ ಪಕ್ಕದಲ್ಲೇ ಒಂದು ಕಿನ್ನೂ ಇರಲಿ.

ಈಗ ಆ ಕಿನ್ನೂವನ್ನು ಬೆಳೆಸುವ ಮಾತು. ದೆಹಲಿಯ ಕನ್ನಡ ಮನೆಗಳಿಗೆ ಇದರ ಅರ್ಧ ಪಾಠ ಆಗಲೇ ಬಂದಿದೆ, ಕರಿಬೇವಿನ ರೂಪದಲ್ಲಿ. ಹಿಂದಿಯವರ ‘ಕಡಿ ಪತ್ತಾ’ ಸಿಗುವುದು ಎಷ್ಟೇ ಸುಲಭವಾಗಿದ್ದರೂ ನಮ್ಮವರು ಒಂದು ಕುಂಡದಲ್ಲಿ ಕರಿಬೇವು ಇಟ್ಟುಕೊಳ್ಳದೆ ಇರಲಾರರು. ಕರಿಬೇವೂ ಕಿತ್ತಳೆಯೂ ಒಂದೇ ಕುಟುಂಬದವು. ನಿಮ್ಮ ಬಾಲ್ಕನಿಯಲ್ಲಿ ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿ ಮಾರ್ಚಿಯಲ್ಲಿ ಮತ್ತೆ ಚಿಗುರುತ್ತಿದ್ದರೆ, ಅಲ್ಲಿ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುತ್ತಿದ್ದರೆ, ಕಿತ್ತಳೆಯೂ ಬಾಳುತ್ತದೆ. ಎರಡಕ್ಕೂ ಶತ್ರುಗಳೂ ಒಂದೇ. ಆ ಮಾತು ಮುಂದೆ ಬರುತ್ತದೆ.

ಗಿಡ ಕೊಳ್ಳುವಾಗ ಎಚ್ಚರವಿರಲಿ. ಚಳಿಗಾಲದಲ್ಲಿ ಮೊಣಕಾಲೆತ್ತರದ ಗಿಡದ ತುಂಬ ಗೋಲಿಯಂಥ ಕೇಸರಿ ಹಣ್ಣುಗಳಿದ್ದು ‘ಸಂತರೆ ಕಾ ಪೌಧಾ’ ಎಂದು ಮಾರುವುದು ಬಹುಮಟ್ಟಿಗೆ ಕ್ಯಾಲಮಾಂಡಿನ್, ಅಂದರೆ ಚೈನಾ ಆರೆಂಜ್. ನೋಟಕ್ಕೆ ಚೆಂದ, ಬಾಯಿಗೆ ಹುಣಸೆಹುಳಿ. ಚಿತ್ರಾನ್ನಕ್ಕೆ ಹಿಂಡಲು ಅದು ಬೇಕಾದಷ್ಟಾಯಿತು, ಸುಲಿದು ತಿನ್ನಲಾಗದು. ಕಿನ್ನೂ ಕೇಳಿ ತನ್ನಿ. ಕಾಂಡದ ಕೆಳಭಾಗದಲ್ಲಿ ಕಸಿಯ ಗಂಟು ಕಾಣಬೇಕು. ಸರ್ಕಾರಿ ಸಂಸ್ಥೆಗಳ ಸಸಿ ಸಿಕ್ಕರೆ ಇನ್ನೂ ಒಳ್ಳೆಯದು. ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೃಷಿ ಮೇಳ ವಸಂತದ ಹೊತ್ತಿಗೆ ನಡೆಯುತ್ತದೆ, ನೆಡುವ ಕಾಲವೂ ಅದೇ. ಈ ಪೂಸಾ ಎಂಬ ಹೆಸರನ್ನೇ ನೋಡಿ: ಅದು ದೆಹಲಿಯ ಹೆಸರಲ್ಲ. 1905ರಲ್ಲಿ ಬಿಹಾರದ ಪೂಸಾ ಎಂಬ ಊರಿನಲ್ಲಿ ಹುಟ್ಟಿದ ಸಂಸ್ಥೆ 1934ರ ಭೂಕಂಪದಲ್ಲಿ ಕಟ್ಟಡ ಕಳೆದುಕೊಂಡು 1936ರಲ್ಲಿ ಇಲ್ಲಿಗೆ ಬಂತು. ಬರುವಾಗ ಹೆಸರನ್ನು ತಂದಿತು, ಮಣ್ಣನ್ನಲ್ಲ. ಇಂದು ದೆಹಲಿಯ ಬಸ್ಸುಗಳು ಬಿಹಾರದ ಹಳ್ಳಿಯ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು ಓಡುತ್ತವೆ, ಯಾರೂ ಬೆರಗುಗೊಳ್ಳುವುದಿಲ್ಲ.

ಕುಂಡ ಹದಿನೆಂಟರಿಂದ ಇಪ್ಪತ್ತು ಅಂಗುಲ ಅಗಲದ್ದಿರಲಿ. ಕಪ್ಪು ಪ್ಲಾಸ್ಟಿಕ್ ಬೇಡ. ಮೇ ತಿಂಗಳಲ್ಲಿ ಬೇರು ಬೆಂದುಹೋಗುತ್ತದೆ. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಇಲ್ಲಿಯವರು ಬದರ್‌ಪುರ ಎಂದು ಕರೆಯುವ ದಪ್ಪ ಮರಳು, ಒಂದೆರಡು ಹಿಡಿ ಬೇವಿನ ಹಿಂಡಿ. ಕಸಿಯ ಗಂಟು ಮಣ್ಣಿನಿಂದ ಗೇಣುದ್ದ ಮೇಲಿರಬೇಕು. ಆ ಗಂಟಿನ ಕೆಳಗಿನಿಂದ ಆಗಾಗ ಪುಷ್ಟವಾದ ಚಿಗುರೊಂದು ಎದ್ದು ಬರುತ್ತದೆ. ಎಲೆ ದೊಡ್ಡದು, ಮುಳ್ಳು ಹೆಚ್ಚು, ಬೆಳವಣಿಗೆ ಬಿರುಸು. ಗಿಡ ಚೆನ್ನಾಗಿ ಬರುತ್ತಿದೆಯೆಂದು ಹಿಗ್ಗಬಾರದು. ಅದು ಕೆಳಗಿನ ಖಟ್ಟಿ. ಕಂಡ ದಿನವೇ ಚಿವುಟಿ ಹಾಕದಿದ್ದರೆ ಎರಡು ವರ್ಷದಲ್ಲಿ ಕಿನ್ನೂ ಸೊರಗಿ, ಕುಂಡದಲ್ಲಿ ಒರಟು ನಿಂಬೆಯೊಂದು ವಿಜೃಂಭಿಸುತ್ತದೆ.

ನೀರೇ ಇಲ್ಲಿಯ ದೊಡ್ಡ ಸಮಸ್ಯೆ. ದ್ವಾರಕೆಯಲ್ಲೂ ಗುರುಗ್ರಾಮದಲ್ಲೂ ನೋಯ್ಡಾದಲ್ಲೂ ಕೊಳವೆಬಾವಿಯ ನೀರು ಬರುವ ಮನೆಗಳಲ್ಲಿ ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪೊರೆ ಕುಂಡದ ಮಣ್ಣಿನಲ್ಲೂ ಕಟ್ಟುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರದಲ್ಲಿ ಅದು ಬೇರಿಗೆ ಎಟುಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಸುರಿಯುವವರೇ ಹೆಚ್ಚು. ಬೇಕಾದದ್ದು ಕೀಲೇಟ್ ರೂಪದ ಕಬ್ಬಿಣ ಮತ್ತು ಸತು, ಅದೂ ಚಿಟಿಕೆಯಷ್ಟು. ಆರ್‌ಓ ಯಂತ್ರದಿಂದ ವ್ಯರ್ಥವಾಗಿ ಹೊರಬರುವ ನೀರನ್ನು ಗಿಡಕ್ಕೆ ಹಾಕಿ ನೀರುಳಿಸಿದೆವೆಂದು ಸಂತೋಷಪಡುವ ಸದ್ಗೃಹಸ್ಥರಿದ್ದಾರೆ. ನೆಲ ತೊಳೆಯಲು ಅದು ಸರಿ, ಕಿತ್ತಳೆಗೆ ಅಲ್ಲ. ನಲ್ಲಿಯ ನೀರಿನಲ್ಲಿದ್ದ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಜುಲೈ, ಆಗಸ್ಟಿನ ಮಳೆ ದೇವರು ಕೊಟ್ಟ ಮದ್ದು. ಕುಂಡವನ್ನು ಆಕಾಶದ ಕೆಳಗೆ ಎಳೆದಿಟ್ಟರೆ ವರ್ಷದ ಉಪ್ಪು ಕೆಳಗಿನ ತೂತಿನಿಂದ ಹರಿದು ಹೋಗುತ್ತದೆ.

ಬೇಸಿಗೆಯಲ್ಲಿ ಒಣ ಎಲೆಯ ಹೊದಿಕೆ, ಮಧ್ಯಾಹ್ನಕ್ಕೆ ಹಸಿರು ಬಲೆಯ ನೆರಳು, ಬೆಳಗಿನ ನೀರು. ಚಳಿಗಾಲದಲ್ಲಿ ಕೈ ಬಿಗಿಹಿಡಿಯಬೇಕು. ಡಿಸೆಂಬರ್, ಜನವರಿಯಲ್ಲಿ ವಾರಕ್ಕೊಮ್ಮೆ ಸಾಕು, ಗೊಬ್ಬರ ಬೇಡವೇ ಬೇಡ. ಆ ಚಳಿ ಮತ್ತು ಬಾಯಾರಿಕೆಗಳೇ ಫೆಬ್ರವರಿ ಕೊನೆಯಲ್ಲಿ ಹೂವಾಗಿ ಬರುತ್ತವೆ. ಹೂ ಬಂದಾಗ ಬಾಲ್ಕನಿಯ ಬಾಗಿಲು ತೆರೆದಿಡಿ. ನವೆಂಬರಿನ ಹೊಗೆಯನ್ನು ಕುಡಿದ ಮನೆಗೆ ಆ ಹದಿನೈದು ದಿನಗಳ ಕಂಪು ನ್ಯಾಯವಾಗಿ ಸಲ್ಲಬೇಕಾದದ್ದು. ನೂರು ಹೂವಿಗೆ ಎರಡು ಮೂರು ಕಾಯಿ ನಿಂತರೆ ಅದೇ ಲೆಕ್ಕ. ಮೇ ತಿಂಗಳಲ್ಲಿ ಗೋಲಿಯಷ್ಟರ ಕಾಯಿಗಳು ಪಟಪಟ ಉದುರುವುದನ್ನು ನೋಡಿ ಎದೆಗುಂದಬಾರದು. ಮೂರನೆಯ ವರ್ಷ ಹತ್ತು ಹದಿನೈದು ಹಣ್ಣು ಕೈಗೆ ಬಂದರೆ ಹಬ್ಬ. ಮರುವರ್ಷ ಗಿಡ ವಿಶ್ರಾಂತಿ ತೆಗೆದುಕೊಂಡರೆ ಅದು ಕಿನ್ನೂವಿನ ಹುಟ್ಟುಗುಣ. ದಕ್ಷಿಣ ದೆಹಲಿಯ ಕೆಲವು ಕಡೆ ಕೋತಿಗಳ ಪಾಲೂ ಇದೆ. ಅದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ.

ಇನ್ನು ಶತ್ರುಗಳು. ಸಿಲ್ಲಾ ಕೀಟ ಕರಿಬೇವಿನ ಚಿಗುರಿನಲ್ಲೂ ಬೆಳೆಯುತ್ತದೆ. ದೆಹಲಿಯ ಉದ್ಯಾನಗಳ ಬೇಲಿಯಲ್ಲಿ ಕಂಪು ಸೂಸುವ ಕಾಮಿನಿ ಗಿಡವಂತೂ ಅದಕ್ಕೆ ಬಹಳ ಪ್ರಿಯ. ಆದ್ದರಿಂದ ಕರಿಬೇವಿನ ಕುಂಡವನ್ನು ಕಿತ್ತಳೆಗೆ ತಾಗಿಸಿ ಇಡದಿರುವುದು ಲೇಸು. ಚಿಗುರು ಒಡೆಯುವ ದಿನಗಳಲ್ಲಿ ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಬೇಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವುದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೇಸರಿ ಕೊಂಬು ಚಾಚಿ ವಾಸನೆ ಬಿಡುತ್ತದೆ. ಸಣ್ಣ ಗಿಡದಲ್ಲಿ ಅದನ್ನು ಬಿಟ್ಟರೆ ಎರಡು ದಿನದಲ್ಲಿ ಬೋಳು. ದೊಡ್ಡ ಗಿಡದಲ್ಲಿ ಒಂದೆರಡಿದ್ದರೆ ಬಿಡಿ ಎನ್ನುತ್ತೇವೆ. ಮಗುವೊಂದು ಚಿಟ್ಟೆಯಾಗುವುದನ್ನು ನೋಡಲಿ.

ನಮ್ಮ ನಿಲುವಿಗೆ ಬರಬಹುದಾದ ಆಕ್ಷೇಪ ನಮಗೆ ಗೊತ್ತಿದೆ. ಕಿನ್ನೂವನ್ನೂ ಕಿತ್ತಳೆ ಎಂದರೆ ಕೊಡಗಿನ ಹಣ್ಣಿನ ವೈಶಿಷ್ಟ್ಯ ಮಸುಕಾಗುವುದಿಲ್ಲವೇ, ರೋಗದಿಂದ ನರಳುತ್ತಿರುವ ಬೆಳೆಗೆ ನಾವೂ ಕೈಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಆಗದೆಂದೇ ನಮ್ಮ ಎಣಿಕೆ. ‘ಕೊಡಗಿನ ಕಿತ್ತಳೆ’ ಎನ್ನಲು ಕನ್ನಡದಲ್ಲಿ ಅಡ್ಡಿಯೇನಿದೆ? ನಾಗಪುರದ ಕಿತ್ತಳೆ, ಪಂಜಾಬಿನ ಕಿತ್ತಳೆ ಎಂಬ ಮಾತುಗಳಿದ್ದಾಗಲೇ ಕೊಡಗಿನದೆಂಬ ಮಾತಿಗೆ ಅರ್ಥ. ಕೊಡಗಿನ ಬೆಳೆಗಾರನಿಗೆ ಆಸರೆಯಾಗುವುದು ದೆಹಲಿಯ ಕುಂಡದಲ್ಲಿ ಬಾಡುತ್ತಿರುವ ಒಂದು ಸಸಿಯಲ್ಲ, ಊರಿಗೆ ಹೋದಾಗ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಚೌಕಾಸಿಯಿಲ್ಲದೆ ಕೊಂಡ ನಾಲ್ಕು ಕಿಲೋ ಹಣ್ಣು; ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆ ರೋಗಮುಕ್ತ ಸಸಿಗಾಗಿ ನಡೆಯುತ್ತಿರುವ ಕೆಲಸ. ಹಣ್ಣಿನ ಹೆಸರು, ಬೆಲೆ, ಭಾಷೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಹರೇಕಳದ ಹಾಜಬ್ಬರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರು, ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವಿನಿಂದ ಊರಿಗೊಂದು ಶಾಲೆ ಕಟ್ಟಲು ಹೊರಟರು. 2021ರ ನವೆಂಬರಿನಲ್ಲಿ ಇದೇ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಪಡೆದರು. ಅವರ ಬುಟ್ಟಿಯ ಹಣ್ಣು ಯಾವ ಜಿಲ್ಲೆಯದೆಂದು ಯಾರೂ ವಿಚಾರಿಸಲಿಲ್ಲ. ಕನ್ನಡದ ಪತ್ರಿಕೆಗಳೆಲ್ಲ ಅವರನ್ನು ಕಿತ್ತಳೆ ಮಾರುವವರು ಎಂದೇ ಕರೆದವು.

ನಿಜವಾದ ತೊಡಕು ಬೇರೆ ಇದೆ, ಅದು ಕಾಲದ್ದು. ನಮ್ಮಲ್ಲಿ ಅರ್ಧ ಜನ ಹನ್ನೊಂದು ತಿಂಗಳ ಬಾಡಿಗೆ ಕರಾರಿನವರು, ಇನ್ನರ್ಧ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಸರ್ಕಾರಿ ನೌಕರರು. ಹಿಂದಿನ ತಲೆಮಾರಿನವರು ಸರೋಜಿನಿ ನಗರ, ನೇತಾಜಿ ನಗರಗಳ ಕ್ವಾರ್ಟರ್ಸುಗಳ ಹಿತ್ತಿಲಲ್ಲಿ ತಾವು ತಿನ್ನಲಾರದ ಹಣ್ಣಿನ ಮರಗಳನ್ನು ನೆಟ್ಟು ಹೋದರು. ಮುಂದೆ ಬಂದವರು ತಿಂದರು. ಆ ಬಡಾವಣೆಗಳನ್ನು ಕೆಡವಿ ಗೋಪುರ ಕಟ್ಟುವ ಯೋಜನೆಗಾಗಿ ಸಾವಿರಾರು ಮರ ಕಡಿಯಲು ಹೊರಟಾಗ 2018ರಲ್ಲಿ ದೆಹಲಿಯ ಜನ ಬೀದಿಗಿಳಿದು ಮರಗಳನ್ನು ತಬ್ಬಿ ನಿಂತದ್ದೂ, ಹೈಕೋರ್ಟು ತಡೆ ಕೊಟ್ಟದ್ದೂ ಹಲವರಿಗೆ ನೆನಪಿರಬಹುದು. ಈಗ ನಮಗುಳಿದಿರುವುದು ಬಾಲ್ಕನಿ, ಅಲ್ಲಿ ಹಿಡಿಸುವುದು ಕುಂಡ. ಕುಂಡಕ್ಕೆ ಒಂದು ಅನುಕೂಲವಿದೆ, ಅದನ್ನು ದಾಟಿಸಬಹುದು. ವರ್ಗವಾಗಿ ಹೋಗುವವರು ಫ್ರಿಜ್ಜು, ಸೋಫಾಗಳಿಗೆ ಗಿರಾಕಿ ಹುಡುಕುವಂತೆ ಕಿತ್ತಳೆಯ ಗಿಡಕ್ಕೂ ಒಂದು ಕನ್ನಡ ಮನೆಯನ್ನು ಹುಡುಕಲಿ. ಲೋಧಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಯಲ್ಲಿ, ರಾಮಕೃಷ್ಣಪುರದ ಕರ್ನಾಟಕ ಸಂಘದಲ್ಲಿ ನೆಲ ಒಪ್ಪುವ ಒಂದು ಮೂಲೆ ಸಿಕ್ಕರೆ ಒಂದೊಂದು ಗಿಡ ಕುಂಡ ಬಿಟ್ಟು ಮಣ್ಣಿಗೇ ಇಳಿಯಲಿ ಎಂಬುದು ನಮ್ಮ ಕೋರಿಕೆ. ರಾಜ್ಯೋತ್ಸವದ ಭಾಷಣಗಳ ಖರ್ಚಿನಲ್ಲಿ ಒಂದಂಶ ಸಾಕು. ನೀರು ಹಾಕುವ ಸರದಿಯನ್ನು ಮಕ್ಕಳಿಗೆ ಕೊಟ್ಟರೆ ಪದ ತಾನಾಗಿ ಬಾಯಿಗೆ ಬರುತ್ತದೆ.

ಕೊನೆಗೆ ಒಂದು ಅಡುಗೆಯ ಮಾತು. ಇಷ್ಟೆಲ್ಲ ಪಾಡುಪಟ್ಟು ಮನೆಯಲ್ಲಿ ಬೆಳೆಯುವುದೇಕೆ, ಗಾಡಿಯಲ್ಲಿ ಅಗ್ಗಕ್ಕೆ ಸಿಗುವುದಿಲ್ಲವೇ ಎನ್ನುವವರಿಗೆ ನಮ್ಮ ಉತ್ತರ ಸಿಪ್ಪೆ. ಮಂಡಿಗೆ ಬರುವ ಕಿನ್ನೂವಿಗೆ ಹೊಳಪಿಗಾಗಿ ಮೇಣ ಬಳಿದಿರುವುದುಂಟು, ತೋಟದಲ್ಲಿ ಹೊಡೆದ ಔಷಧವೂ ಅಂಟಿರುತ್ತದೆ. ಆ ಸಿಪ್ಪೆಯಿಂದ ಗೊಜ್ಜು ಮಾಡಲು ಮನಸ್ಸಾಗದು. ಮನೆಯ ಹಣ್ಣಿನದಾದರೆ ಬಿಡಬಾರದು. ಕಿನ್ನೂವಿನ ಸಿಪ್ಪೆ ಕೊಡಗಿನದಕ್ಕಿಂತ ಬಿಗಿ, ಕಹಿಯೂ ಒಂದು ಕೈ ಮೇಲು. ಒಳಗಿನ ಬಿಳಿಯ ನಾರನ್ನು ಕೆರೆದು, ಸಣ್ಣಗೆ ಹೆಚ್ಚಿ, ಒಮ್ಮೆ ಬಿಸಿನೀರಿನಲ್ಲಿ ಕುದಿಸಿ ಬಸಿಯಬೇಕು. ಆಮೇಲೆ ಎಂದಿನಂತೆ ಒಗ್ಗರಣೆ, ಹುಣಸೆರಸ, ಸಾರಿನ ಪುಡಿ, ಉಪ್ಪು. ಬೆಲ್ಲವನ್ನು ಮಾತ್ರ ಊರಿನ ಅಳತೆಗಿಂತ ಒಂದು ಚೂರು ಹೆಚ್ಚಾಗಿಯೇ ಹಾಕಿ.